"ಅವರು ನಿಮ್ಮ ಪೈಕೀನಾ ಸಾರ್?"

ನಮ್ಮ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೊಂದು ದತ್ತಿ ಉಪನ್ಯಾಸ ನಡೆಯುತ್ತದೆ. ನಮ್ಮಲ್ಲೇ ಪಾಠ ಮಾಡುವ ಒಬ್ಬರು ಊರಿನವರ ಮುಂದೆ ಮಾತಾಡಬೇಕು. ಅವರನ್ನು ಆರಿಸುವ ಸಮಿತಿಯಲ್ಲಿ ನಾನಿದ್ದೇನೆ. "ಅವರನ್ನೇ ಯಾಕೆ ಆರಿಸಿದಿರಿ?" ಅಂತ ನೇರವಾಗಿ ಕೇಳಿದರೆ ನನಗೇನೂ ಬೇಜಾರಿಲ್ಲ. ಆದರೆ ಯಾರೂ ಹಾಗೆ ಕೇಳುವುದಿಲ್ಲ. ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಬಂದು, ದನಿ ತಗ್ಗಿಸಿ, "ಅವರು ನಿಮ್ಮ ಪೈಕೀನಾ ಸಾರ್?" ಅನ್ನುತ್ತಾರೆ.

ಅಲ್ಲ ಕಣ್ರೀ. ಅವರು ಯಾವ ಪೈಕಿ ಅಂತ ನನಗೆ ಗೊತ್ತೇ ಇಲ್ಲ. ಸರಿ, ಸುಳ್ಳು ಯಾಕೆ, ಗೊತ್ತು. ಗೊತ್ತಾಗದೆ ಇರೋಕೆ ನೀವು ಬಿಡಬೇಕಲ್ಲ. ಆದರೆ ಆರಿಸಿದ್ದು ಅದಕ್ಕಲ್ಲ.

ಮೊದಲು ದುಡ್ಡಿನ ಮಾತು. ಯಾರೋ ತಂದೆಯ ನೆನಪಿಗೆ ಅಂತ 1 ಲಕ್ಷ ಇಟ್ಟಿದ್ದಾರೆ. ಅಸಲು ಮುಟ್ಟುವಂತಿಲ್ಲ. ಬಡ್ಡಿ ವರ್ಷಕ್ಕೆ ಆರೂವರೆ ಸಾವಿರ. ಶಾಲು, ಹಾರ, ಹಣ್ಣಿನ ಬುಟ್ಟಿ, ಬ್ಯಾನರ್, ಕಾಫಿ, ಸಂಭಾವನೆ ಎಲ್ಲ ಅದರಲ್ಲೇ ಆಗಬೇಕು. ಹೊರಗಿನವರನ್ನು ಕರೆದರೆ ಕಾರಿನ ಬಾಡಿಗೆಗೇ ಮುಗಿಯಿತು. ಹಾಗಾಗಿ ಕ್ಯಾಂಪಸ್ಸಿನವರೇ ಗತಿ. ಈ ಲೆಕ್ಕದಲ್ಲಿ ಹೌದು, ನಮ್ಮ ಪೈಕಿ.

ಆಮೇಲೆ ಹಿರಿತನದ ಪಟ್ಟಿ. ಹಿಂದಿನ ವರ್ಷ ಕಲಾ ವಿಭಾಗಕ್ಕೆ ಹೋಗಿತ್ತು, ಈ ಸಲ ವಿಜ್ಞಾನದ ಸರದಿ. ಮೊದಲ ಮೂವರಿಗೂ ನಾನೇ ಫೋನ್ ಮಾಡಿದೆ. ಒಬ್ಬರಿಗೆ ನ್ಯಾಕ್ ಕೆಲಸ, ಅಂದರೆ ವಿಶ್ವವಿದ್ಯಾಲಯದ ಗುಣಮಟ್ಟ ಅಳೆಯೋಕೆ ಬರುವವರಿಗೆ ಕಾಗದಪತ್ರ ಜೋಡಿಸುವುದು. ಇನ್ನೊಬ್ಬರು "ಕನ್ನಡದಲ್ಲಾ? ಟರ್ಮ್ಸೇ ಇಲ್ವಲ್ರೀ" ಅಂದರು. ಮೂರನೆಯವರು ಸಂಭಾವನೆ ಎಷ್ಟು ಅಂತ ಕೇಳಿ, "ಸಂಜೆ ಹೇಳ್ತೀನಿ" ಅಂದರು. ಆ ಸಂಜೆ ಇನ್ನೂ ಆಗಿಲ್ಲ.

ಕೊನೆಗೆ ಅಟೆಂಡರ್ ಹತ್ತಿರ ಹೋದೆ. ಮೂವತ್ತು ವರ್ಷದಿಂದ ಆ ಕಾರಿಡಾರಿನಲ್ಲಿ ಬೆಲ್ ಹೊಡೆಯುತ್ತಿರುವವರು. "ಯಾರ ಕ್ಲಾಸು ಬೆಲ್ ಹೊಡೆದರೂ ಬಿಡಲ್ಲ?" ಅಂತ ಕೇಳಿದೆ.

"ಕಲ್ಲು ಮೇಡಮ್ದು. ಅವರು ಬಿಟ್ಟರೂ ಹುಡುಗರು ಏಳಲ್ಲ ಸಾರ್."

ಭೂವಿಜ್ಞಾನದ ಸಹಾಯಕ ಪ್ರಾಧ್ಯಾಪಕಿ. ಪಟ್ಟಿಯಲ್ಲಿ ಅವರ ಹೆಸರು ಹುಡುಕಲು ಎರಡು ಪುಟ ತಿರುಗಿಸಬೇಕಾಯಿತು.

ನೀವು ನಿಜವಾಗಿ ಕೇಳಬೇಕಿದ್ದ ಪ್ರಶ್ನೆ ಬೇರೆ. ಮಾತು ಹೇಗಿತ್ತು? ಜನ ಕೂತಿದ್ದರಾ? ಇದನ್ನು ಒಬ್ಬರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಅವರು ಬ್ಯಾಗಿನಿಂದ ಒಂದು ಚಪ್ಪಡಿ ಕಲ್ಲಿನ ತುಂಡು ತೆಗೆದು ಮೇಜಿನ ಮೇಲಿಟ್ಟರು. "ಇದು ನೈಸ್" ಅಂದರು. ಹುಡುಗನೊಬ್ಬ ಕಿಸಕ್ಕನೆ ನಕ್ಕ. "ಚೆನ್ನಾಗಿದೆ ಅಂತಲ್ಲಪ್ಪ, ಇದರ ಹೆಸರೇ ಅದು" ಅಂತ ಕಪ್ಪು ಬಿಳಿ ಪಟ್ಟೆಗಳ ಮೇಲೆ ಬೆರಳು ಎಳೆದು ತೋರಿಸಿ, ಕಲ್ಲನ್ನು ಮುಂದಿನ ಸಾಲಿಗೆ ಕೊಟ್ಟರು. "ಲಾಲ್‌ಬಾಗಿನ ಬಂಡೆ ಹತ್ತಿದ್ದೀರಲ್ಲ? ಅದೂ ಇದೇ ಜಾತಿ. ವಯಸ್ಸು ಸುಮಾರು 300 ಕೋಟಿ ವರ್ಷ. ಹಿಮಾಲಯ ಏಳೋಕೆ ಶುರುವಾಗಿ 5 ಕೋಟಿ ವರ್ಷ ಆಗಿರಬಹುದು. ಇದರ ಮುಂದೆ ಅದಿನ್ನೂ ಕೂಸು." ಕಲ್ಲು ಕೈಯಿಂದ ಕೈಗೆ ಹೋಗಿ ಕೊನೆ ಸಾಲು ಮುಟ್ಟುವವರೆಗೂ ಒಬ್ಬರೂ ಎದ್ದು ಹೋಗಲಿಲ್ಲ. ಕಾಫಿ ಬಂದಿದೆ ಅಂತ ಗೊತ್ತಿದ್ದೂ!

ಟರ್ಮ್ಸ್ ಇಲ್ಲ ಅಂದವರಿಗೆ ಒಂದು ಮಾತು. ಮೈಸೂರು ವಿಶ್ವವಿದ್ಯಾನಿಲಯದ ಮೇಷ್ಟ್ರುಗಳು ಹಿಂದೆ ಪ್ರಚಾರೋಪನ್ಯಾಸ ಅಂತ ಊರೂರಿಗೆ ಹೋಗಿ ಕನ್ನಡದಲ್ಲೇ ವಿಜ್ಞಾನ ಹೇಳಿ ಬರುತ್ತಿದ್ದರು. ಆ ಮಾತುಗಳೇ ಆಮೇಲೆ ಚಿಕ್ಕ ಚಿಕ್ಕ ಪುಸ್ತಕಗಳಾದವು. ಅವರಿಗೇನು ಟರ್ಮ್ಸು ಆಕಾಶದಿಂದ ಉದುರಿದ್ದವಾ?

ದತ್ತಿ ಇಟ್ಟವರ ಮಗ ಕಲ್ಲನ್ನು ಕೈಯಲ್ಲೇ ಹಿಡಿದುಕೊಂಡು, "ನಮ್ಮ ಹಿತ್ತಿಲ ಬಟ್ಟೆ ಒಗೆಯೋ ಕಲ್ಲೂ ಇದೇನಾ ಮೇಡಂ?" ಅಂತ ಕೇಳುತ್ತಿದ್ದರು. ನನ್ನ ಕಿವಿಯ ಹತ್ತಿರ ಬಂದವರೊಬ್ಬರು ಕೇಳಿದ್ದು ಏನು ಅಂತ ಮತ್ತೆ ಬರೆಯಬೇಕಾ?

ನಡಾವಳಿಯಲ್ಲಿ "ಸಮಿತಿಯು ಸರ್ವಾನುಮತದಿಂದ ಆಯ್ಕೆ ಮಾಡಿದೆ" ಅಂತ ಬರೆದು ಸಹಿ ಹಾಕಿದೆವು. ಅಟೆಂಡರ್ ಹೆಸರು ಅದರಲ್ಲಿಲ್ಲ. ಹಣ್ಣಿನ ಬುಟ್ಟಿಯನ್ನು ಮೇಡಂ ಆ ಅಟೆಂಡರಿಗೇ ಕೊಟ್ಟು ಹೋದರು.