ಮಳೆ ಪುಸ್ತಕದ ಅಡ್ಡಗೆರೆಗಳು

ಸಿದ್ದಾಪುರದ ಬಳಿಯ ನಮ್ಮ ಮನೆಯಲ್ಲಿ ಅಜ್ಜ ಬರೆದಿಟ್ಟ ಮಳೆ ಪುಸ್ತಕವೊಂದಿದೆ. ಅಂಗಳದ ಮಾಪಕದಲ್ಲಿ ಸೇರಿದ ನೀರನ್ನು ಬೆಳಿಗ್ಗೆ ಅಳೆದು ಇಂಚು, ಸೆಂಟ್ಸ್‌ಗಳಲ್ಲಿ ಬರೆದಿಡುವುದು ಕೊಡಗಿನ ಕಾಫಿ ಬೆಳೆಗಾರರ ಹಳೆಯ ರೂಢಿ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಮಳೆಯಿಲ್ಲದ ದಿನ ಅಜ್ಜ ಸೊನ್ನೆ ಬರೆಯುತ್ತಿರಲಿಲ್ಲ, ಅಡ್ಡಗೆರೆ ಎಳೆಯುತ್ತಿದ್ದರು. ಒಂದು ಮಾರ್ಚ್ ತಿಂಗಳ ಪುಟದ ತುಂಬ ಬರೀ ಗೆರೆಗಳೇ ಇವೆ, ಕೊನೆಯ ಕೆಲವನ್ನು ಎಷ್ಟು ಒತ್ತಿ ಎಳೆದಿದ್ದಾರೆಂದರೆ ಹಿಂಬದಿಯ ಹಾಳೆಯಲ್ಲಿ ಕೈಯಾಡಿಸಿದರೆ ಬೆರಳಿಗೆ ಸಿಗುತ್ತವೆ.

ಬರಗಾಲದಲ್ಲಿ ಬೇಸಾಯ ಮಾಡಿದವರ ನೆನಪುಗಳಲ್ಲಿ ಮತ್ತೆ ಮತ್ತೆ ಎದುರಾಗುವುದು ಕೆಲವೇ ಚಿತ್ರಗಳು: ಬಿರುಕುಬಿಟ್ಟ ಕೆರೆಯಂಗಳ, ಸಂತೆಗೆ ಹೊಡೆದುಕೊಂಡು ಹೋದ ಎತ್ತು, ಬಿತ್ತನೆಗೆ ತೆಗೆದಿಟ್ಟ ಕಾಳನ್ನೂ ಬೀಸುವ ಕಲ್ಲಿಗೆ ಹಾಕಿದ ದಿನ. ಇವನ್ನು ನಾನು ಬಹುಕಾಲ ಸವಕಲು ಮಾತೆಂದೇ ತಿಳಿದಿದ್ದೆ. 1876ರಿಂದ 1878ರವರೆಗಿನ ಕ್ಷಾಮಕ್ಕೆ ಸಿಕ್ಕಿದ ಮೈಸೂರು ಸಂಸ್ಥಾನದಲ್ಲಿ, 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಹಳ್ಳಿಗಳ ನೆನಪಿನಲ್ಲಿ ಉಳಿದದ್ದು ಮಾತ್ರ ಈ ಅಂಕಿಯಲ್ಲ, ‘ಧಾತು ಬರ’ ಎಂಬ ಸಂವತ್ಸರದ ಹೆಸರು.

ನನ್ನ ಅಭಿಪ್ರಾಯ ಬದಲಾದದ್ದು ನಮ್ಮ ತೋಟದ ಆಳುಗಳು ವಾಸಿಸುವ ಲೈನ್ ಮನೆಯ ಅಜ್ಜಿಯೊಬ್ಬರಿಂದ. ಪಿರಿಯಾಪಟ್ಟಣ ಸೀಮೆಯ ರಾಗಿ ಹೊಲವನ್ನು ಬಿಟ್ಟು, 1980ರ ದಶಕದ ನಡುವಿನ ಬರದಲ್ಲಿ ಗಂಡನೊಂದಿಗೆ ಲಾರಿ ಹತ್ತಿ ಬಂದವರು ಅವರು. “ಎತ್ತು ಮಾರ್ಬುಟ್ಟು ಬರೀ ಕಣ್ಣಿ ಹೆಗಲ ಮ್ಯಾಲೆ ಹಾಕ್ಕೊಂಡು ಬಂದ್ರು ಕಣವ್ವ, ಅದನ್ನ ಗೊಂತಿಗೆ ನೇತಾಕುದ್ರು” ಎಂದರು. ಆ ದಿನಗಳಲ್ಲಿ ನೀವೇನು ಉಣ್ಣುತ್ತಿದ್ದಿರಿ ಅಜ್ಜಿ ಎಂದು ಕೇಳಿದೆ. ಅವರು ಎಲೆಗೆ ಸುಣ್ಣ ಸವರಿ, ಮಡಚಿ, ದವಡೆಗೆ ಒತ್ತಿಕೊಂಡು, ಮತ್ತೆ ಎತ್ತಿನ ಮಾತನ್ನೇ ಎತ್ತಿದರು. ಅದರ ಒಂದು ಕೊಂಬು ಸೊಟ್ಟಗಿತ್ತಂತೆ. ಸ್ವಂತ ಹಸಿವನ್ನು ಹೇಳಿಕೊಳ್ಳಲು ಮರ್ಯಾದೆ ಬಿಡುವುದಿಲ್ಲ, ಎತ್ತಿಗಾಗಿ ಅತ್ತರೆ ಯಾರೂ ಆಡಿಕೊಳ್ಳುವುದಿಲ್ಲ. ಒಂದೇ ಚಿತ್ರ ನೂರು ಬಾಯಲ್ಲಿ ಬರುವುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನಗೆ ಆಗ ಅನ್ನಿಸಿತು. ‘ಕೆರೆಗೆ ಹಾರ’ ಕಥನಗೀತೆಯಲ್ಲಿಯೂ ಕೆರೆಗೆ ನೀರು ಬಾರದ ಸಂಕಟಕ್ಕೆ ಬೆಲೆ ತೆರುವವಳು ಕಿರಿಯ ಸೊಸೆ ಭಾಗೀರಥಿ. ಆದರೆ ಮನೆಯಲ್ಲಿ ಕೊನೆಗೆ ಉಂಡವರು ಯಾರು, ಉಣ್ಣದೆ ಮಲಗಿದವರು ಯಾರು ಎಂಬುದನ್ನು ನಾನು ಕೇಳಿದ ಬರದ ಕಥೆಗಳು ಬಾಯಿಬಿಟ್ಟು ಹೇಳಿದ್ದು ಕಡಿಮೆ.

ಕೊಡಗಿನ ನಮ್ಮ ಬರಕ್ಕೆ ಬಿರುಕುಬಿಟ್ಟ ನೆಲದ ಚಿತ್ರ ಅಷ್ಟಾಗಿ ಒಪ್ಪುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಸುಮಾರು ಎಂಟು ದಿನಕ್ಕೆ ರೋಬಸ್ಟಾ ಕಾಫಿ ತೋಟ ಬೆಳ್ಳಗೆ ಅರಳುತ್ತದೆ, ಅದರ ಬೆನ್ನಿಗೆ ಇನ್ನೊಂದು ಬ್ಯಾಕಿಂಗ್ ಮಳೆ ಬೇಕು. ಹೂಮಳೆಯೇ ಬಾರದಿದ್ದರೆ ಸುತ್ತಲೂ ಹಸಿರಿದ್ದಂತೆಯೇ ಮೊಗ್ಗು ಕಂದಿ, ಮುಟ್ಟಿದರೆ ಉದುರುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆ ಬಯಲುಸೀಮೆಯ ರಾಗಿಗೆ ಸರಿ, ನಮ್ಮ ಹೂವಿಗೆ ಅದು ಹೊತ್ತು ಮೀರಿ ಬಂದ ನೆಂಟ. ಆದರೂ ಕಂದಿದ ಮೊಗ್ಗನ್ನು ಆ ಖಾಲಿ ಗೊಂತಿನ ಪಕ್ಕದಲ್ಲಿ ಇಡಲು ನನಗೆ ಸಂಕೋಚ. ಅಜ್ಜನ ಗೆರೆಗಳು ನಷ್ಟದ ಲೆಕ್ಕ, ಅವುಗಳಿಂದ ನಮ್ಮ ಒಲೆ ಆರಲಿಲ್ಲ.

ಅಜ್ಜಿ ಬಂದಿಳಿದ ವರ್ಷದ ಪುಸ್ತಕವನ್ನು ಮೊನ್ನೆ ಹುಡುಕಿ ತೆಗೆದೆ. ಸೆಪ್ಟೆಂಬರಿನ ಒಂದು ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ “ಪಿರಿಯಾಪಟ್ಟಣ ಕಡೆಯ ಹೊಸ ಆಳು, ಎರಡು ಮನೆ” ಎಂದಿದೆ. ಅಂದಿನ ಮಳೆ ಅರವತ್ತು ಸೆಂಟ್ಸ್.