ಮೆಗ್ಗರ್ ಹೇಳಿದ್ದನ್ನೇ ಬರೆಯಿರಿ: ವೈರ್‌ಮನ್ ಪರ್ಮಿಟ್‌ಗೆ ಓದುವವರಿಗೆ, ಟೆಸ್ಟ್ ರಿಪೋರ್ಟ್ ತುಂಬುವವರಿಗೆ

ಹೊಸ ಮನೆಗೆ ಮೀಟರ್ ಕೇಳುವಾಗ ಕೊಡುವ ವೈರಿಂಗ್ ಕಂಪ್ಲೀಷನ್ ರಿಪೋರ್ಟಿನಲ್ಲಿ ಇನ್ಸುಲೇಷನ್ ಎದುರು ‘ಇನ್ಫಿನಿಟಿ’, ಅರ್ಥ್ ಎದುರು ‘1 ಓಮ್’ ಎಂದಿದ್ದರೆ, ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಪೆಟ್ಟಿಗೆಯಿಂದ ಹೊರಗೇ ಬಂದಿಲ್ಲ ಎಂದು ಪಳಗಿದವರಿಗೆ ತಕ್ಷಣ ಅನುಮಾನ ಬರುತ್ತದೆ. ನಿಜವಾಗಿ ಅಳೆದ ಅಂಕಿ ಅಷ್ಟು ನುಣುಪಾಗಿರುವುದು ಅಪರೂಪ.

ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಪರೀಕ್ಷೆಗೆ ಓದುವವರು ಬಾಯಿಪಾಠ ಮಾಡುವ ಅಂಕಿಗಳಿವೆ: ಒಂದು ಲೈಟಿಂಗ್ ಸರ್ಕ್ಯೂಟಿಗೆ ಹೆಚ್ಚೆಂದರೆ 10 ಪಾಯಿಂಟ್ ಅಥವಾ 800 ವ್ಯಾಟ್, ಪವರ್ ಸರ್ಕ್ಯೂಟಿಗೆ ಎರಡು 16 ಆಂಪಿಯರ್ ಸಾಕೆಟ್. ಇವು ಗೊತ್ತಿರಲೇಬೇಕು. ಆದರೆ ಅಭ್ಯರ್ಥಿ ತಡವರಿಸುವುದು ‘ಈ ರೀಡಿಂಗ್ ಯಾಕೆ ಇಷ್ಟು ಬಂತು?’ ಎಂದಾಗ. ಅದಕ್ಕೆ ಮದ್ದು ಒಂದೇ. ಟೆಸ್ಟ್ ಮೀಟರ್ ಹಚ್ಚುವ ಮೊದಲು ಎಷ್ಟು ಬರಬೇಕು ಎಂದು ಚೀಟಿಯಲ್ಲಿ ಲೆಕ್ಕ ಹಾಕಿಟ್ಟುಕೊಳ್ಳಿ.

ಕಂಟಿನ್ಯುಟಿಯನ್ನೇ (ವೈರು ತುದಿಯಿಂದ ತುದಿಗೆ ಸರಿಯಾಗಿ ಕೂಡಿದೆಯೇ ಎಂಬ ಟೆಸ್ಟ್) ನೋಡಿ. ಗೀಸರ್ ಸಾಕೆಟ್‌ಗೆ ಡಿಬಿಯಿಂದ (ಡಿಸ್ಟ್ರಿಬ್ಯೂಷನ್ ಬೋರ್ಡ್) 20 ಮೀಟರ್ ಓಟ, ಫೇಸ್ 4 ಸ್ಕ್ವೇರ್ ಎಂಎಂ, ಅರ್ಥ್ 2.5 ಎಂದುಕೊಳ್ಳೋಣ. ಸಣ್ಣ ಎಳೆಗಳ ಫ್ಲೆಕ್ಸಿಬಲ್ ತಾಮ್ರದ ವೈರಿನಲ್ಲಿ 4ಕ್ಕೆ ಮೀಟರಿಗೆ ಸುಮಾರು 4.95 ಮಿಲಿಓಮ್, 2.5ಕ್ಕೆ 7.98. ಇಪ್ಪತ್ತು ಮೀಟರಿಗೆ 0.10 ಮತ್ತು 0.16, ಒಟ್ಟು 0.26 ಓಮ್. ಮೇನ್ ಆಫ್ ಮಾಡಿ, ಸಪ್ಲೈ ಇಲ್ಲವೆಂದು ಖಚಿತಪಡಿಸಿಕೊಂಡು, ಡಿಬಿಯಲ್ಲಿ ಆ ಸರ್ಕ್ಯೂಟಿನ ಫೇಸ್ ಮತ್ತು ಅರ್ಥ್ ವೈರನ್ನು ಜೋಡಿಸಿ, ಸಾಕೆಟ್ಟಿನ ಫೇಸ್ ಮತ್ತು ಅರ್ಥ್ ರಂಧ್ರಗಳ ನಡುವೆ ಅಳೆಯಿರಿ. 0.3ರ ಆಸುಪಾಸು ಬಂದರೆ ಸರಿ. 0.9 ಬಂದರೆ ಎಲ್ಲೋ ಸ್ಕ್ರೂ ಸಡಿಲ, ಇಲ್ಲವೇ ಜಂಕ್ಷನ್ ಬಾಕ್ಸಿನಲ್ಲಿ ತಿರುಚಿ ಟೇಪು ಸುತ್ತಿದ ಜಾಯಿಂಟ್ ಇದೆ. ಮಲ್ಟಿಮೀಟರಿನ ಬಜರ್ ಮಾತ್ರ ಕೇಳಿಸಿಕೊಂಡವನಿಗೆ ಇದು ಸಿಕ್ಕುವುದಿಲ್ಲ, ಬಜರ್ 0.9ಕ್ಕೂ ಕೂಗುತ್ತದೆ. ಇನ್ನೊಂದು ಲಾಭ: ಫೇಸ್, ನ್ಯೂಟ್ರಲ್ ಅದಲು ಬದಲಾಗಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ. ಎದುರಿನಿಂದ ನೋಡಿದಾಗ ಮೇಲೆ ಅರ್ಥ್, ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್. ಮೀಟರಿನ ಲೀಡ್‌ಗಳಿಗೇ 0.1ರಿಂದ 0.2 ಓಮ್ ಇರುತ್ತದೆ. ಎರಡನ್ನೂ ತಾಗಿಸಿ ನೋಡಿ ಕಳೆಯದಿದ್ದರೆ ಅಷ್ಟೂ ವೈರಿನ ಲೆಕ್ಕಕ್ಕೆ ಸೇರುತ್ತದೆ.

ಇನ್ಸುಲೇಷನ್ ಟೆಸ್ಟಿನಲ್ಲಿ ತಪ್ಪುಗಳು ಹೆಚ್ಚು, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ. 500 ವೋಲ್ಟ್ ಡಿಸಿ, ಒಂದು ನಿಮಿಷ, ಕನಿಷ್ಠ 1 ಮೆಗಾಓಮ್ ಎಂಬುದು ಎಲ್ಲರಿಗೂ ಗೊತ್ತು. ವೈರಿಂಗಿನ ಭಾರತೀಯ ಮಾನದಂಡ ಐಎಸ್ 732ರ ಹಳೆಯ ಆವೃತ್ತಿಯ ಸೂತ್ರವೂ ಕೇಳಿರುತ್ತೀರಿ: 50 ಮೆಗಾಓಮನ್ನು ಪಾಯಿಂಟ್‌ಗಳ ಸಂಖ್ಯೆಯಿಂದ ಭಾಗಿಸಿ, ಆದರೆ ಇಡೀ ವೈರಿಂಗಿಗೆ 1 ಮೆಗಾಓಮ್‌ಗಿಂತ ಹೆಚ್ಚು ಬೇಕಾಗಿಲ್ಲ. ಮೊದಲು ಮೆಗ್ಗರನ್ನೇ ಪರೀಕ್ಷಿಸಿ: ಲೀಡ್ ತಾಗಿಸಿದರೆ ಸೊನ್ನೆ, ಬಿಡಿಸಿದರೆ ಸ್ಕೇಲಿನ ತುದಿ. ‘ಇನ್ಫಿನಿಟಿ’ ಬರಲು ಅತಿ ಸುಲಭದ ಕಾರಣ, ಕ್ಲಿಪ್ ಪೇಂಟಿನ ಮೇಲೆ ಕೂತಿರುವುದು.

ಬಲ್ಬ್ ತೆಗೆಯಿರಿ, ಪ್ಲಗ್‌ಗಳನ್ನು ಕೀಳಿ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಡಿಮ್ಮರ್, ಎಲ್‌ಇಡಿ ಡ್ರೈವರ್, ಡಿಬಿಯಲ್ಲಿ ಕೂತ ಎಸ್‌ಪಿಡಿ (ಸರ್ಜ್ ತಡೆಯುವ ಸಾಧನ) ಎಲ್ಲವನ್ನೂ ಬಿಡಿಸಿ. ಎಸ್‌ಪಿಡಿ ಇದ್ದರೆ 500 ವೋಲ್ಟಿಗೆ ಅದೇ ಹರಿದು ರೀಡಿಂಗ್ ಕುಸಿಯುತ್ತದೆ, ನೀವು ಇಲ್ಲದ ಲೀಕೇಜ್ ಹುಡುಕಿ ಗೋಡೆ ಒಡೆಯುತ್ತೀರಿ. ಆಮೇಲೆ ಸ್ವಿಚ್‌ಗಳನ್ನೆಲ್ಲ ಆನ್ ಮಾಡಿ. ಆಫ್ ಇದ್ದರೆ ಸ್ವಿಚ್ಚಿನಿಂದ ಪಾಯಿಂಟಿಗೆ ಹೋಗುವ ತುಂಡು ಟೆಸ್ಟಿಗೆ ಸಿಗುವುದೇ ಇಲ್ಲ. ಮೆಟ್ಟಿಲಿನ ಟೂ-ವೇ (ಒಂದೇ ಬಲ್ಬಿಗೆ ಎರಡು ಕಡೆ ಸ್ವಿಚ್) ಇದ್ದರೆ ಒಂದು ಸ್ವಿಚ್ ಬದಲಿಸಿ ಎರಡನೇ ಸಲವೂ ಮೆಗ್ಗರ್ ಹೊಡೆಯಬೇಕು, ನಡುವಿನ ಎರಡು ವೈರುಗಳಲ್ಲಿ ಒಂದು ಮಾತ್ರ ಒಂದು ಸಲಕ್ಕೆ ಸಿಗುವುದು. ಹೆಚ್ಚಿನವರು ಇದನ್ನು ಮರೆಯುತ್ತಾರೆ.

ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಸೇರಿಸಿ ಅರ್ಥಿಗೆ ಅಳೆಯಬೇಕು. ಫೇಸ್ ಒಂದನ್ನೇ ಅಳೆದರೆ ನ್ಯೂಟ್ರಲ್ ವೈರು ಮೆಟಲ್ ಬಾಕ್ಸಿಗೆ ಕಚ್ಚಿಕೊಂಡಿದ್ದರೂ ಗೊತ್ತಾಗುವುದಿಲ್ಲ. ಅದೇ ತಪ್ಪು ಆಮೇಲೆ ‘ಆರ್‌ಸಿಸಿಬಿ ಸುಮ್ಮಸುಮ್ಮನೆ ಬೀಳುತ್ತೆ’ ಎಂಬ ದೂರಾಗಿ ವಾಪಸ್ ಬರುತ್ತದೆ (ಆರ್‌ಸಿಸಿಬಿ ಎಂದರೆ ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಬಂದರೆ ಲೈನ್ ಕಡಿಯುವ ಸ್ವಿಚ್). ಫೇಸನ್ನು ಮಾತ್ರ ಕಡಿಯುವ ಸಿಂಗಲ್ ಪೋಲ್ ಎಂಸಿಬಿ (ಓವರ್‌ಲೋಡ್, ಶಾರ್ಟ್ ಆದರೆ ಬೀಳುವ ಬ್ರೇಕರ್) ಆಫ್ ಮಾಡಿದರೂ ನ್ಯೂಟ್ರಲ್ ಜೋಡಣೆಯಲ್ಲೇ ಇರುತ್ತದೆ, ಹಾಗಾಗಿ ಎಂಸಿಬಿ ಒಂದೊಂದಾಗಿ ಇಳಿಸಿ ಹುಡುಕಿದರೆ ಉತ್ತರ ಸಿಗುವುದಿಲ್ಲ. ನ್ಯೂಟ್ರಲ್ ಬಾರಿನಿಂದ ವೈರುಗಳನ್ನು ಬಿಚ್ಚಿ, ಒಂದೊಂದನ್ನೇ ಅರ್ಥಿಗೆ ಮೆಗ್ಗರ್ ಹೊಡೆಯಿರಿ. ಯುಪಿಎಸ್ ಇರುವ ಮನೆಯಲ್ಲಿ ಇನ್ನೊಂದು ಕಾರಣವೂ ಇದೆ: ಯುಪಿಎಸ್ ಲೈನಿನ ನ್ಯೂಟ್ರಲ್ಲನ್ನು ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಜೊತೆ ಬೆರೆಸುವುದು. ಹೋದ ಕರೆಂಟು ಅದೇ ಆರ್‌ಸಿಸಿಬಿಯಿಂದ ಮರಳದಿದ್ದರೆ ಅದು ಬೀಳಲೇಬೇಕು. ಬೈದು ಪ್ರಯೋಜನವಿಲ್ಲ.

ಒಂದೊಂದು ಸರ್ಕ್ಯೂಟೂ 10 ಮೆಗಾಓಮ್ ತೋರಿಸಿ, ಹತ್ತನ್ನೂ ಸೇರಿಸಿದಾಗ 1 ಬಂದರೆ ಗಾಬರಿ ಬೇಡ, ಪ್ಯಾರಲಲ್ ಲೆಕ್ಕವೇ ಹಾಗೆ. ಪ್ಲಾಸ್ಟರ್ ಹಸಿಯಿರುವ ಮನೆಯಲ್ಲಿ ರೀಡಿಂಗ್ ಕಡಿಮೆ ಬರುವುದೂ ಸಹಜ. ಒಣಗಲು ಬಿಟ್ಟು ಮತ್ತೆ ಅಳೆಯಿರಿ, ಅಂಕಿ ಏರದಿದ್ದರೆ ಅದು ತೇವವಲ್ಲ. ಮೀಟರ್ ತುದಿ ಮುಟ್ಟಿದರೆ ಆ ಮೆಗ್ಗರಿನ ಮಿತಿ ಬರೆಯಿರಿ, ‘200 ಮೆಗಾಓಮ್‌ಗಿಂತ ಹೆಚ್ಚು’ ಎಂದು. ಇನ್ಫಿನಿಟಿಯನ್ನು ಅಳೆಯುವ ಮೀಟರ್ ಯಾರ ಹತ್ತಿರವೂ ಇಲ್ಲ.

ಅರ್ಥ್ ಪಿಟ್ (ಅರ್ಥ್ ಪೈಪ್ ಹೂತ ಗುಂಡಿ) ಅಳೆಯಲು ಮೇನ್ ಆಫ್ ಮಾಡಿ, ಪಿಟ್ಟಿನ ಲೀಡ್ ಬಿಚ್ಚಲೇಬೇಕು. ಅರ್ಥ್ ಟೆಸ್ಟರಿನ ಎರಡು ಮೊಳೆಗಳಲ್ಲಿ ದೂರದ್ದು ಪಿಟ್ಟಿನಿಂದ 100 ಅಡಿಗೆ, ನಡುವಿನದು 62 ಅಡಿಗೆ, ಒಂದೇ ಸಾಲಿನಲ್ಲಿ. ನಡುವಿನದನ್ನು 10 ಅಡಿ ಹಿಂದೆ, 10 ಅಡಿ ಮುಂದೆ ಸರಿಸಿ ಅಳೆಯಿರಿ. ಮೂರೂ ಹೆಚ್ಚುಕಡಿಮೆ ಒಂದೇ ಇದ್ದರೆ ನಂಬಬಹುದು, ಇಲ್ಲದಿದ್ದರೆ ದೂರದ ಮೊಳೆ ಇನ್ನೂ ದೂರ ಹೋಗಬೇಕು. ಬೆಂಗಳೂರಿನ 30x40 ಸೈಟಿನಲ್ಲಿ ನೂರು ಅಡಿ ಎಲ್ಲಿ ಸಿಗುತ್ತದೆ? ರಸ್ತೆಯುದ್ದಕ್ಕೆ ಎಳೆಯಿರಿ, ಕಾಂಕ್ರೀಟ್ ಇದ್ದಲ್ಲಿ ಒದ್ದೆ ಗೋಣಿಚೀಲ ಹಾಸಿ ಮೊಳೆಯನ್ನು ಅದರ ಮೇಲೆ ಮಲಗಿಸಿದರೆ ಕೆಲಸ ನಡೆಯುತ್ತದೆ. ಒಂಟಿ ಪಿಟ್ಟಿಗೆ ಕ್ಲಾಂಪ್ ಮೀಟರ್ ಹಾಕಬೇಡಿ, ಕರೆಂಟು ಸುತ್ತಿ ಬರಲು ಬೇರೆ ದಾರಿ ಇಲ್ಲದೆ ಅದು ಸರಿಯಾದ ಅಂಕಿ ಕೊಡಲಾರದು. ಟೆಸ್ಟಿಗೆ ಮುಂಚೆ ಎರಡು ಕೊಡ ನೀರು ಸುರಿಯುವವರಿಗೆ ಅವತ್ತಿನ ಅಂಕಿ ಸಿಗುತ್ತದೆ, ಏಪ್ರಿಲ್ ತಿಂಗಳದ್ದಲ್ಲ. ರೀಡಿಂಗ್ ಹೆಚ್ಚಿದ್ದು ಎರಡನೇ ಪಿಟ್ ತೋಡುವುದಾದರೆ, 2.5 ಮೀಟರ್ ಪೈಪಿಗೆ ಸುಮಾರು 5 ಮೀಟರ್ ಅಂತರ ಬಿಡಿ. ಪಕ್ಕಪಕ್ಕ ತೋಡಿದರೆ ದುಡ್ಡು ಎರಡರದ್ದು, ಫಲ ಒಂದೂವರೆಯದ್ದೂ ಅಲ್ಲ.

ಪಿಟ್ ಚೆನ್ನಾಗಿದೆ, ಆರ್‌ಸಿಸಿಬಿ ಯಾಕೆ ಎಂಬ ಪ್ರಶ್ನೆಗೆ ಭಾಗಾಕಾರವೇ ಉತ್ತರ. ಗೀಸರಿನ ಮೈಗೆ ಫೇಸ್ ತಾಗಿತು ಎಂದುಕೊಳ್ಳಿ: 230 ವೋಲ್ಟ್, ಪಿಟ್ 5 ಓಮ್, ಬೇರೆ ರೆಸಿಸ್ಟೆನ್ಸ್ ಬಿಟ್ಟರೂ ಹೆಚ್ಚೆಂದರೆ 46 ಆಂಪಿಯರ್. ‘ಸಿ ಕರ್ವ್’ ಮಾದರಿಯ 16 ಆಂಪಿಯರ್ ಎಂಸಿಬಿ ಕ್ಷಣದಲ್ಲಿ ಬೀಳಲು 80ರಿಂದ 160 ಬೇಕು. 46ಕ್ಕೆ ಅದು ಬಿಸಿಯಾಗಿ ಬೀಳಲು ಹಲವು ಸೆಕೆಂಡ್ ಹಿಡಿಯಬಹುದು, ಅಲ್ಲಿಯವರೆಗೆ ಗೀಸರಿನ ಮೈಯಲ್ಲಿ ಕರೆಂಟು. ಪಿಟ್ 15 ಓಮ್ ಆದರೆ 15 ಆಂಪಿಯರ್, ಎಂಸಿಬಿ ಬೀಳುವುದೇ ಇಲ್ಲ. 30 ಮಿಲಿಆಂಪಿಯರ್ ಆರ್‌ಸಿಸಿಬಿಗೆ 15 ಓಮ್ ಏನೇನೂ ಅಲ್ಲ. ಅದರ ಟೆಸ್ಟರಿನಲ್ಲಿ 15 ಮಿಲಿಆಂಪಿಯರಿಗೆ ಬೀಳಬಾರದು, 30ಕ್ಕೆ 300 ಮಿಲಿಸೆಕೆಂಡ್ ಒಳಗೆ, 150ಕ್ಕೆ 40ರೊಳಗೆ ಬೀಳಬೇಕು. ‘ಟಿ’ ಬಟನ್ ಒತ್ತಿ ಬಿದ್ದರೆ ಒಳಗಿನ ಯಂತ್ರ ಸರಿಯಿದೆ ಎಂದಷ್ಟೇ. ಅರ್ಥ್ ವೈರೇ ಇಲ್ಲದ ಮನೆಯಲ್ಲೂ ಅದು ಬೀಳುತ್ತದೆ.

ರಿಪೋರ್ಟಿಗೆ ಬಂದರೆ, ಅಂಕಿಗಳು ಒಂದಕ್ಕೊಂದು ಹೊಂದಬೇಕು. 2.5 ಸ್ಕ್ವೇರ್ ಎಂಎಂ ವೈರಿನ ಎದುರು 32 ಆಂಪಿಯರ್ ಎಂಸಿಬಿ ಬರೆದಿದ್ದರೆ ನೋಡುವವರು ಮುಂದೆ ಓದಬೇಕಿಲ್ಲ. ಪಾಯಿಂಟ್ ಎಣಿಕೆ, ಕನೆಕ್ಟೆಡ್ ಲೋಡ್ ಮೊತ್ತ, ಅರ್ಜಿಯಲ್ಲಿ ಕೇಳಿದ ಲೋಡ್, ಮೂರನ್ನೂ ತಾಳೆ ನೋಡಿ. ಫಾರ್ಮಿನಲ್ಲಿ ಜಾಗ ಇಲ್ಲದಿದ್ದರೂ ಟೆಸ್ಟ್ ಮೀಟರಿನ ಸೀರಿಯಲ್ ನಂಬರ್, ಕ್ಯಾಲಿಬ್ರೇಷನ್ ದಿನಾಂಕವನ್ನು ಬದಿಯಲ್ಲಿ ಬರೆಯಿರಿ. ಸರ್ಕ್ಯೂಟಿನ ಹೆಸರು ‘ಪವರ್-1’ ಬೇಡ, ‘ಅಡುಗೆಮನೆ ಮಿಕ್ಸಿ ಸಾಕೆಟ್’ ಎಂದಿರಲಿ. ತಪ್ಪಾದರೆ ವೈಟ್ನರ್ ಹಚ್ಚದೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ ಹಾಕಿ. ಒಂದು ಪ್ರತಿ ಡಿಬಿ ಬಾಗಿಲಿನ ಒಳಗೆ ಅಂಟಿಸಿಡಿ. ಐದು ವರ್ಷ ಕಳೆದು ಬರುವ ವೈರ್‌ಮನ್‌ಗೆ ಗೀಸರ್ ಲೈನ್ 0.28ರಿಂದ 0.9ಕ್ಕೆ ಏರಿದೆ ಎಂದು ಹೇಳಲು ಅಲ್ಲಿ ಬೇರೆ ಯಾರೂ ಇರುವುದಿಲ್ಲ.