ಅಡಿಕೆ ಧಾರಣೆಯಿಂದ ಶುರುವಾಗುವ ಓದು

ನಾನು ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕಿ. ಬೋರ್ಡಿನ ಮೇಲೆ ಈಗ ‘ಅರಿವು ಕೇಂದ್ರ’ ಅಂತಿದೆ, ಊರಿನವರ ಬಾಯಲ್ಲಿ ಮಾತ್ರ ಇನ್ನೂ ಲೈಬ್ರರಿನೇ. ಅಪ್ಪ ಅಮ್ಮಂದಿರು ಸಿಕ್ಕಾಗೆಲ್ಲ ಕೇಳುವ ಮಾತು ಒಂದೇ: “ಮೇಡಂ, ಮಕ್ಕಳು ಮೊಬೈಲ್ ಬಿಟ್ಟು ಏಳೋದಿಲ್ಲ. ಪೇಪರ್ ಓದೋ ಅಭ್ಯಾಸ ಹೇಗೆ ಮಾಡಿಸೋದು?”

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಮಗು ಓದಿದ್ದು ಮನೆಯಲ್ಲಿ ಯಾರಿಗಾದರೂ ಬೇಕಾಗಿರಬೇಕು. “ಓದು, ಮುಂದೆ ಒಳ್ಳೇದಾಗ್ತದೆ” ಅಂದರೆ ಹತ್ತು ವರ್ಷದ ಮಗುವಿಗೆ ನಾಟುವುದಿಲ್ಲ. “ಇವತ್ತು ರಾಶಿ ಅಡಿಕೆಗೆ ಎಷ್ಟಾಗಿದೆ ನೋಡು” ಅಂದರೆ ಪೇಪರ್ ಬಿಚ್ಚುತ್ತದೆ.

ಮಲೆನಾಡಿನಲ್ಲಿ ಅಡಿಕೆ ಧಾರಣೆ ಕೇಳದ ಮನೆ ಕಡಿಮೆ. ಪೇಪರಿನಲ್ಲಿ ಶಿವಮೊಗ್ಗ ಮಾರುಕಟ್ಟೆ ಅಂತ ಶೀರ್ಷಿಕೆ, ಅದರ ಕೆಳಗೆ ಗೊರಬಲು, ಬೆಟ್ಟೆ, ರಾಶಿ, ಸರಕು ಅಂತ ಅಡಿಕೆಯ ಬಗೆಗಳು. ಪ್ರತಿಯೊಂದರ ಮುಂದೆ ಕ್ವಿಂಟಲಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು. ಅಕ್ಷರ ಬಹಳ ಸಣ್ಣದು, ವಯಸ್ಸಾದವರಿಗೆ ಕಾಣುವುದಿಲ್ಲ. ನಮ್ಮಲ್ಲಿಗೆ ಬರುವ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಅಜ್ಜನಿಗೋಸ್ಕರ ಇದನ್ನು ಓದಲು ಶುರು ಮಾಡಿದಳು. ಸಾಲಿನ ಮೇಲೆ ಬೆರಳಿಟ್ಟುಕೊಂಡು, ಸಾವಿರದ ಸ್ಥಾನ ತಪ್ಪದ ಹಾಗೆ ನಿಧಾನವಾಗಿ ಓದುತ್ತಿದ್ದಳು. ಮೊದಮೊದಲು ಬರೀ ಅಂಕಿ. ಆಮೇಲೆ ಪ್ರಶ್ನೆ ಬಂತು: “ಅಜ್ಜ, ಸರಕಿಗೆ ಯಾಕೆ ಅಷ್ಟು ಜಾಸ್ತಿ?” ಎಳೆಯ ಕಾಯಿ ಬೇಯಿಸಿದ್ದು ಸರಕು, ಬಲಿತು ಹೋದದ್ದು ಗೊರಬಲು ಅಂತ ಅಜ್ಜ ಹೇಳಿದರು. ಒಂದು ದಿನ ಧಾರಣೆಯ ಪಕ್ಕದಲ್ಲೇ ಎಲೆಚುಕ್ಕಿ ರೋಗದ ಸುದ್ದಿ ಇತ್ತು. ಅವರ ತೋಟಕ್ಕೂ ಅದು ಬಂದಿತ್ತು. ಯಾರೂ ಹೇಳದೆ ಅವಳು ಆ ಸುದ್ದಿಯನ್ನು ಕೊನೆಯವರೆಗೆ ಓದಿದಳು. ನನ್ನ ಪ್ರಕಾರ ಅವಳ ಓದು ನಿಜವಾಗಿ ಶುರುವಾದದ್ದು ಆವತ್ತು.

ಮಳೆಗಾಲದಲ್ಲಿ ಇದೇ ಕೆಲಸವನ್ನು ಜಲಾಶಯದ ಮಟ್ಟ ಮಾಡುತ್ತದೆ. ಗ್ರಂಥಾಲಯದ ಹೊರಗೆ ಒಂದು ಕರಿಹಲಗೆ ಇಟ್ಟಿದ್ದೇವೆ. ಪೇಪರ್ ನೋಡಿ ಶರಾವತಿ ನದಿಯ ಲಿಂಗನಮಕ್ಕಿ ಜಲಾಶಯದ ನೀರಿನ ಮಟ್ಟ ಬರೆಯುವುದು ಮಕ್ಕಳ ಪಾಳಿ. ಗರಿಷ್ಠ 1819 ಅಡಿ, ಇವತ್ತು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ಬಸ್ಸಿಗೆ ನಿಂತವರು ಅದನ್ನು ನೋಡದೆ ಹೋಗುವುದಿಲ್ಲ, ತಪ್ಪಿದ್ದರೆ ಕೂಡಲೇ ಹೇಳುತ್ತಾರೆ. ಹಾಗಾಗಿ ಮಕ್ಕಳು ಎರಡು ಸಲ ನೋಡಿಕೊಂಡು ಬರೆಯುತ್ತಾರೆ. ‘ಒಳಹರಿವು ಇಷ್ಟು ಕ್ಯೂಸೆಕ್’ ಅಂತ ಬರೆಯುವಾಗ ಒಬ್ಬ ಹುಡುಗ ಕ್ಯೂಸೆಕ್ ಅಂದರೇನು ಅಂತ ಕೇಳಿದ. ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ ಸುಮಾರು 28 ಲೀಟರ್. ಸಾವಿರಾರು ಕ್ಯೂಸೆಕ್ ಅಂದರೆ ಎಷ್ಟು ನೀರು ಅಂತ ಅವನು ಲೆಕ್ಕ ಹಾಕುತ್ತಾ ಕೂತುಬಿಟ್ಟ.

ಅದೇ ಹುಡುಗ ಮನೆಯಲ್ಲಿ ಮಟ್ಟ ಓದಿ ಹೇಳಿದಾಗ ಅವನ ಅಜ್ಜಿ, “ನಾನು ಹುಟ್ಟಿದ ಮನೆ ಆ ನೀರಿನ ಕೆಳಗಿದೆ” ಅಂದರಂತೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹೊಸನಗರ, ಸಾಗರ ತಾಲ್ಲೂಕಿನ ಎಷ್ಟೋ ಊರುಗಳು ಮುಳುಗಿದವು. ಅವನಿಗೆ ಇದು ಗೊತ್ತೇ ಇರಲಿಲ್ಲ. ಮರುದಿನ ಬಂದು, ಶರಾವತಿ ಬಗ್ಗೆ ಪುಸ್ತಕ ಇದೆಯಾ ಮೇಡಂ ಅಂದ. ಆ ಬೇಸಿಗೆಯಲ್ಲಿ ನೀರು ಇಳಿದು, ಲಿಂಗನಮಕ್ಕಿಯಲ್ಲಿ ಮುಳುಗಿದ್ದ ಹಳೆಯ ಮಡೆನೂರು ಅಣೆಕಟ್ಟು ಕಾಣಿಸಿಕೊಂಡ ಫೋಟೊ ಪೇಪರಿನಲ್ಲಿ ಬಂದಾಗ, ಮೊದಲು ನೋಡಿ ಎಲ್ಲರಿಗೂ ತೋರಿಸಿದವನು ಅವನೇ. ಪೇಪರಿನ ಒಂದು ಅಂಕಿಯಿಂದ ಮನೆಯ ಕಥೆಗೆ, ಮನೆಯ ಕಥೆಯಿಂದ ಪುಸ್ತಕಕ್ಕೆ. ಈ ದಾರಿಯನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಪುಸ್ತಕದ ಕಪಾಟಿನ ಎದುರು ಸುಮ್ನೆ ನಿಲ್ಲಿಸಿದ ಮಕ್ಕಳಲ್ಲಿ ಇದನ್ನು ಕಂಡದ್ದು ಕಡಿಮೆ.

ಹೊಸದಾಗಿ ಪೇಪರ್ ಹಿಡಿಯುವ ಮಗುವಿಗೆ ಮೊದಲು ಫೋಟೊ ಕೆಳಗಿನ ಸಾಲು ಓದಲು ಹೇಳಿ. ಅಲ್ಲಿ ಪೂರ್ತಿ ವಾಕ್ಯ ಇರುತ್ತದೆ, ಏನು ನಡೆದಿದೆ ಅಂತ ಕಣ್ಣಿಗೂ ಕಾಣುತ್ತದೆ. ದೊಡ್ಡ ತಲೆಬರಹ ಮಕ್ಕಳಿಗೆ ಕಷ್ಟ. ಜಾಗ ಉಳಿಸಲು ಕ್ರಿಯಾಪದ ಬಿಟ್ಟಿರುತ್ತಾರೆ, ನಿನ್ನೆಯ ಸುದ್ದಿ ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುವ ಹಾಗೆ ಬರೆದಿರುತ್ತಾರೆ. ಮುಖಪುಟದಿಂದ ಶುರು ಮಾಡಿಸಬೇಡಿ, ಜಿಲ್ಲಾ ಪುಟ ಸಾಕು.

ಓದಿದ ಮೇಲೆ ಪ್ರಶ್ನೆ ಕೇಳಿ ಪರೀಕ್ಷೆ ಮಾಡುವುದನ್ನಂತೂ ಬಿಟ್ಟೇಬಿಡಿ. “ಏನು ಅರ್ಥ ಆಯ್ತು ಹೇಳು” ಅಂದ ತಕ್ಷಣ ಮಗುವಿನ ಮುಖ ಶಾಲೆಯ ಮುಖ ಆಗಿಬಿಡುತ್ತದೆ. ಗೊತ್ತಿಲ್ಲದ್ದನ್ನು ನೀವೇ ಅವರನ್ನು ಕೇಳಿ, ಅದು ಬೇರೆ ಮಾತು. ಕೊಲೆ, ಅಪಘಾತದ ಸುದ್ದಿ ಬಂದಾಗ ಪುಟ ಬಚ್ಚಿಡುವುದಕ್ಕಿಂತ ಪಕ್ಕದಲ್ಲಿ ಕೂತು ಮಾತಾಡುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಜುಲೈ 1 ಪತ್ರಿಕಾ ದಿನ. 1843ರಲ್ಲಿ ಅದೇ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಬಂತು. ಅದನ್ನು ಕಲ್ಲಚ್ಚಿನಲ್ಲಿ, ಅಂದರೆ ಕೈಯಲ್ಲಿ ಬರೆದದ್ದನ್ನು ಕಲ್ಲಿಗಿಳಿಸಿ ಮುದ್ರಿಸಿದ್ದರು ಅಂದಾಗ ಮಕ್ಕಳಿಗೆ ಆಶ್ಚರ್ಯವೋ ಆಶ್ಚರ್ಯ. ನಾವೂ ಕೈಯಲ್ಲೇ ಬರೆಯೋಣ ಅಂತ ಗೋಡೆ ಪತ್ರಿಕೆ ಶುರು ಮಾಡಿದರು. ಬಸ್ಸು ಬಾರದ್ದು, ಕಾಲುಸಂಕ ಕೊಚ್ಚಿಹೋದದ್ದು, ಯಾರದೋ ಎಮ್ಮೆ ಕಳೆದದ್ದು, ಎಲ್ಲ ಅದರಲ್ಲಿ ಬಂತು. ಸುದ್ದಿ ಬರೆಯುವುದು ಹೇಗೆ ಅಂತ ತಿಳಿಯಲು ಪೇಪರ್ ತಿರುವಿ ಹಾಕಿದರು. ಬರೆಯಬೇಕು ಅಂತಾದರೆ ಓದುವ ಗಮನವೇ ಬೇರೆ, ಅಲ್ವಾ?

ಮನೆಗೆ ಪೇಪರ್ ಹಾಕಿಸಲು ಆಗದಿದ್ದರೆ ನಿಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಕಳಿಸಿ. 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಕಳಿಸುವಾಗ ಅಜ್ಜನಿಗೆ ಬೇಕಾದ ಧಾರಣೆಯನ್ನೋ, ಅಮ್ಮನಿಗೆ ಬೇಕಾದ ಮಳೆಯ ಸುದ್ದಿಯನ್ನೋ ಚೀಟಿಯಲ್ಲಿ ಬರೆದು ತರಲು ಹೇಳಿ. ಮಗು ಚೀಟಿ ತಂದಾಗ ಮನೆಯವರು ಕೆಲಸ ಬಿಟ್ಟು ಕೇಳಿಸಿಕೊಳ್ಳಿ.